ಕೋದಂಡಪ್ಪನವರ ಹೊಸ ಪಿಕಪ್

ನಂದಿದುರ್ಗ ಚಿನ್ನದ ಗಣಿಯ ಮೇಸ್ತ್ರಿಗಳ ಸಾಲುಮನೆಗಳ ಲೈನಿನಲ್ಲಿ ನನ್ನ ಮನೆಗೂ ಕೋದಂಡಪ್ಪನವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಸೀನುತ್ತಿದ್ದವನು ನಾನು. ಹದಿನಾಲ್ಕು ವರ್ಷ ಹಾಗೆ ಬಾಳಿದ ಮೇಲೆ ಅವರ ವಿಚಾರ ಬರೆಯುವ ಹಕ್ಕು ನನಗಿದೆ. ಅವರು ಗಣಿಯೊಳಗೆ ಮರದ ಮೇಸ್ತ್ರಿ, ನಾನು ಮೇಲೆ ಟೈಂ ಆಫೀಸಿನಲ್ಲಿ ಗುಮಾಸ್ತ. ನಾನು ಹತ್ತು ವರ್ಷ ಚಿಕ್ಕವನಾದ್ದರಿಂದ ನನ್ನನ್ನು ‘ಮುನಿಸ್ವಾಮಪ್ಪಾ’ ಎಂದು ಬಾಯಿತುಂಬ ಕರೆಯುತ್ತಿದ್ದರು. ಕೋಪ ಬಂದರೆ ಮಾತ್ರ ‘ಗುಮಾಸ್ತರೇ’ ಎನ್ನುತ್ತಿದ್ದರು. ಅರವತ್ತೊಂದನೇ ಇಸವಿಯಲ್ಲಿ ನಾಲ್ಕು ತಿಂಗಳು ನಾನು ಬರೀ ಗುಮಾಸ್ತರೇ ಆಗಿಬಿಟ್ಟಿದ್ದೆ.

ಮರದ ಮೇಸ್ತ್ರಿ ಎಂದರೆ ತಲೆಯ ಮೇಲಿನ ಬಂಡೆ ಕಳಚಿ ಬೀಳದಂತೆ ಕೆಳಗಿನಿಂದ ದಿಮ್ಮಿ ಕೊಟ್ಟು ನಿಲ್ಲಿಸುವ ಗುಂಪಿನ ಯಜಮಾನ. ಬೂದಿಕೋಟೆ ಕಡೆಯ ಹಳ್ಳಿಯಿಂದ ಹದಿನೆಂಟನೇ ವಯಸ್ಸಿನಲ್ಲಿ ಬಂದು ಸೇರಿದ ಕೋದಂಡಪ್ಪ, ನಾನು ನೋಡುವ ಹೊತ್ತಿಗೆ ಇಪ್ಪತ್ತೈದು ವರ್ಷ ಕೆಳಗೆ ಕಳೆದಿದ್ದರು. ಕೆಲಸದ ಜಾಗಕ್ಕೆ ಹೋದ ತಕ್ಷಣ ಅವರು ಮಾಡುತ್ತಿದ್ದ ಮೊದಲ ಕೆಲಸ, ಕಬ್ಬಿಣದ ಹಾರೆಯಿಂದ ನೆತ್ತಿಯ ಬಂಡೆಯನ್ನು ತಟ್ಟಿ ಕೇಳುವುದು.

“ಟಣ್ ಅಂದ್ರೆ ಗಟ್ಟಿ, ದಬ್ ಅಂದ್ರೆ ಪೊಳ್ಳು. ಅಷ್ಟೇ ಇದ್ಯೆ. ಇದುವರ್ಗೂ ನನ್ ಕಿವಿ ಸುಳ್ ಏಳಿಲ್ಲ ಕಣಯ್ಯಾ,” ಎನ್ನುತ್ತಿದ್ದರು.

ಅದು ಜಂಬವಲ್ಲ. ಅವರ ಗುಂಪಿನಲ್ಲಿ ಒಬ್ಬನಿಗೂ ಬಂಡೆ ಬಿದ್ದು ಏಟಾದದ್ದನ್ನು ನಾನು ಹಾಜರಿ ಪುಸ್ತಕದಲ್ಲಿ ಬರೆಯಬೇಕಾಗಿ ಬಂದಿರಲಿಲ್ಲ. ಆದರೆ ಕಿವಿಯ ಮೇಲಿನ ಆ ನಂಬಿಕೆಯೇ ಆಮೇಲೆ ಅವರಿಗೆ ಮುಳುವಾಯಿತು.

ಐವತ್ತಾರರಲ್ಲಿ ಗಣಿ ಸರ್ಕಾರದ ಕೈಗೆ ಬಂದಾಗ ಒಬ್ಬ ಬಿಳಿ ದೊರೆ ತನ್ನ ಊರಿಗೆ ಹೊರಟು ಬಂಗಲೆಯ ಸಾಮಾನನ್ನೆಲ್ಲ ಹರಾಜಿಗಿಟ್ಟ. ಜನ ಮಂಚ, ಬೀರು, ಪಿಂಗಾಣಿ ಬಸಿ ಎಂದು ಮುಗಿಬಿದ್ದರು. ಕೋದಂಡಪ್ಪ ಮಾತ್ರ ಕೀ ಕೊಡುವ ಗ್ರಾಮಫೋನೊಂದನ್ನು ತಲೆಯ ಮೇಲೆ ಹೊತ್ತು, ಒಂದು ವಾಲ್ವ್ ರೇಡಿಯೋವನ್ನು ಬಗಲಲ್ಲಿಟ್ಟುಕೊಂಡು ಬಂದರು. ಅವರ ಹೆಂಡತಿ ನರಸಮ್ಮನವರು ಬಾಗಿಲಲ್ಲೇ ನಿಂತು, “ಮಂಚ ತತ್ತೀನಿ ಅಂತ ಓದೋರು ಬಜಂತ್ರಿ ತಂದವ್ರೆ ನೋಡು ಮುನಿಸ್ವಾಮಪ್ಪಾ,” ಎಂದರು. ಹಾಗೆಂದವರು ವಾರದೊಳಗೆ ಅದಕ್ಕೆ ಕೀ ಕೊಡುವುದನ್ನು, ಮುಳ್ಳು ಬದಲಿಸುವುದನ್ನು ಗಂಡನಿಗಿಂತ ಚೆನ್ನಾಗಿ ಕಲಿತರು. ಇದ್ದ ಒಬ್ಬಳೇ ಮಗಳು ಕ್ಯಾಸಂಬಳ್ಳಿಗೆ ಸೊಸೆಯಾಗಿ ಹೋದ ಮೇಲೆ ಆ ಮನೆಯಲ್ಲಿ ಉಳಿದದ್ದು ಗಂಡ, ಹೆಂಡತಿ, ಆ ಪೆಟ್ಟಿಗೆ.

ಹಾಡಿನ ಪ್ಲೇಟುಗಳು ಹನ್ನೆರಡೋ ಹದಿಮೂರೋ ಇದ್ದವು. ನರಸಮ್ಮನವರು ಹಾಕುತ್ತಿದ್ದದ್ದು ಮಾತ್ರ ಒಂದೇ, ನಾಗಸ್ವರದ್ದು. ಯಜಮಾನರು ಮಧ್ಯಾಹ್ನ ಇಳಿದು ರಾತ್ರಿ ಬರುವ ಎರಡನೇ ಶಿಫ್ಟಿನಲ್ಲಿದ್ದ ವಾರ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಗೋಡೆಯ ಆಚೆ ನಾಗಸ್ವರ ಶುರುವಾಗುತ್ತಿತ್ತು. ಮೂರು ನಿಮಿಷಕ್ಕೆ ಮುಗಿಯುವುದು, ಕಿರ್ರ್ ಎಂದು ಕೀ ಕೊಡುವುದು, ಮತ್ತೆ ಅದೇ. ಒಂದು ಸಂಜೆಗೆ ಹತ್ತು ಹನ್ನೆರಡು ಸಲ. “ಅಕ್ಕನಿಗೆ ಬೇಜಾರೇ ಆಗಲ್ವಾ?” ಎಂದು ನಾನು ಗೊಣಗಿದರೆ ನನ್ನ ಹೆಂಡತಿ ಗಂಗರತ್ನಮ್ಮ ನನ್ನನ್ನು ಒಂದು ಥರ ನೋಡಿ ಒಲೆಯ ಕಡೆ ತಿರುಗುತ್ತಿದ್ದಳು. ಆ ನೋಟದ ಅರ್ಥ ನನಗೆ ಐದು ವರ್ಷ ತಡವಾಗಿ ತಿಳಿಯಿತು.

ಈಗ ನನ್ನ ತಪ್ಪಿನ ಕಥೆ. ಬಂಗಾರಪೇಟೆ ಸ್ಟೇಷನ್ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಸೀನಪ್ಪ ನನಗೆ ಪರಿಚಯ. ಒಂದು ಭಾನುವಾರ ಕೋದಂಡಪ್ಪನವರನ್ನು ನಾನೇ ರೈಲು ಹತ್ತಿಸಿ ಅವನ ಅಂಗಡಿಗೆ ಕರೆದುಕೊಂಡು ಹೋದೆ. ನಾಗಸ್ವರದ ಪ್ಲೇಟೂ ಜೊತೆಯಲ್ಲಿತ್ತು. ಅವನ ಹತ್ತಿರ ಗ್ರಾಮಫೋನಿಗೆ ಹಾಕುವ ಎಲೆಕ್ಟ್ರಿಕ್ ಪಿಕಪ್ ಬಂದಿತ್ತು. ಹಳೆಯ ಸೌಂಡ್ ಬಾಕ್ಸ್ ಅಂಗೈಯಗಲದ ಭಾರವಾದ ತಗಡಿನ ಡಬ್ಬಿ. ಉಕ್ಕಿನ ಮುಳ್ಳನ್ನು ಪ್ಲೇಟಿನ ಗೆರೆಯೊಳಗೆ ಒತ್ತಿಕೊಂಡು ಎತ್ತು ಉತ್ತ ಹಾಗೆ ಹೋಗುತ್ತಿತ್ತು. ಹೊಸದು ಬೆರಳುದ್ದದ, ಹೂವಿನಷ್ಟು ಹಗುರವಾದ ಕೈ. ಅದರಿಂದ ಒಂದು ತಂತಿ ರೇಡಿಯೋದ ಬೆನ್ನಿಗೆ ಹೋದರೆ ಹಾಡು ರೇಡಿಯೋದಲ್ಲಿ ಬರುತ್ತದೆ.

“ಕೇಳಿ ಮೇಸ್ತ್ರೀ, ಇಂಗ್ ಕೇಳಿ,” ಎಂದು ಸೀನಪ್ಪ ಪ್ಲೇಟು ಹಾಕಿದ.

ನಾವು ಐದು ವರ್ಷದಿಂದ ಕೇಳುತ್ತಿದ್ದ ಅದೇ ಪ್ಲೇಟು. ಆದರೆ ನಾಗಸ್ವರದವನು ಒಂದು ದೊಡ್ಡ ಸುತ್ತು ಮುಗಿಸಿ ನಿಲ್ಲಿಸಿದಾಗ, ಇನ್ನೊಂದಕ್ಕೆ ಮೊದಲು ಅವನು ಉಸಿರು ಎಳೆದುಕೊಂಡದ್ದು ಕೇಳಿಸಿತು. ನಿಜವಾಗಿ ಕೇಳಿಸಿತು. ಕೋದಂಡಪ್ಪನವರ ಮುಖ ಅರಳಿತು. ಎದ್ದು ನಿಂತು, “ಉಸುರು ಕಣಯ್ಯಾ ಅದು! ಮನ್ಸ ಅಲ್ಲೇ ಕೂತವ್ನೆ. ನರಸಿ ಇದನ್ನ ಕೇಳ್ಬೇಕು,” ಎಂದರು. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ ಅವರು ಒಂದು ರೇಷ್ಮೆ ಸೀರೆ ತಂದುಕೊಟ್ಟವರಲ್ಲ. ಅವತ್ತು ಅವರು ಹೆಂಡತಿಗಾಗಿ ಒಂದು ಉಸಿರನ್ನು ಕೊಂಡುಕೊಂಡರು. ಹಳೆಯ ಸೌಂಡ್ ಬಾಕ್ಸನ್ನು ಸೀನಪ್ಪನಿಗೇ ಬಿಟ್ಟುಕೊಡುವ ಮಾತಾಯಿತು.

ಮಾರನೆಯ ದಿನ ಸೀನಪ್ಪ ಬಂದು ಪಿಕಪ್ ಕೂರಿಸಿ, ಹಳೆಯದನ್ನು ಚೀಲಕ್ಕೆ ಹಾಕಿಕೊಂಡು, ಸಿಕ್ಕ ಮೊದಲ ರೈಲಿಗೇ ಹೊರಟುಹೋದ. ಪೆಟ್ಟಿಗೆ ಇದ್ದದ್ದು ಗೋಡೆಗೆ ಬಡಿದ ಹಲಗೆಯ ಮೇಲೆ. ನಮ್ಮ ಲೈನಿನ ಎಲ್ಲ ಹಲಗೆಗಳ ಹಾಗೆ ಅದಕ್ಕೂ ಮುಂದೆ ಸಾಮಾನು ಜಾರದಂತೆ ಎರಡು ಬೆರಳೆತ್ತರದ ಪಟ್ಟಿ ಇತ್ತು. ಸಂಜೆ ಕೋದಂಡಪ್ಪ ಲೈನಿನವರನ್ನೆಲ್ಲ ಕರೆದು ಚಾಪೆ ಹಾಸಿದರು. ನರಸಮ್ಮನವರು ಎಂದಿನಂತೆ ಗೋಡೆಗೆ ಒರಗಿ, ಒಂದು ಅಂಗೈಯನ್ನು ನೆಲಕ್ಕೆ ಊರಿಕೊಂಡು ಕುಳಿತರು. ಪ್ಲೇಟು ಹೊರಟಿತು. ರೇಡಿಯೋ ತುಂಬ ನಾಗಸ್ವರ. ಕೋದಂಡಪ್ಪ ಹೆಂಡತಿಯ ಮುಖವನ್ನೇ ನೋಡುತ್ತ, “ಈಗ ಬತ್ತದೆ, ಈಗ ಬತ್ತದೆ ಉಸುರು,” ಎಂದು ಬೆರಳೆತ್ತಿದರು.

ಉಸಿರು ಬರಲಿಲ್ಲ. ‘ಟಕ್’ ಎಂದು ಪಿಕಪ್ ಹಾರಿ, ಹಿಂದೆ ಎಲ್ಲೋ ಬಿದ್ದು, ಬಾರಿಸಿದ್ದನ್ನೇ ಬಾರಿಸತೊಡಗಿತು. ಗಣಿಯಲ್ಲಿ ಡ್ರಿಲ್ ಹಿಡಿಯುತ್ತಿದ್ದ ನಮ್ಮ ಲೈನಿನ ಪೆರುಮಾಳ್ ಮೂಲೆಯಿಂದ, “ಎನ್ನ ಅಣ್ಣಾ, ವಿದ್ವಾನ್‌ಗೆ ಬಿಕ್ಕಳಿಕೆ ಬಂತಾ?” ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗದೇ ಇದ್ದವರು ಇಬ್ಬರು. ಕೋದಂಡಪ್ಪ ಕೆಂಡವಾಗಿದ್ದರು. ನರಸಮ್ಮ, “ಆಲು ಉಕ್ತದೆ,” ಎಂದು ಎದ್ದು ಒಳಗೆ ಹೋದರು. ಒಲೆಯ ಮೇಲೆ ಹಾಲು ಇರಲಿಲ್ಲ. ನಾನು ನೋಡಿದ್ದೆ.

ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ. ಮೊದಲು ತಪ್ಪು ಪ್ಲೇಟಿನದು ಎಂದಾಯಿತು. ಎಲ್ಲ ಪ್ಲೇಟುಗಳಿಗೂ ಅಂಟವಾಳದ ನೀರಿನ ಸ್ನಾನವಾಗಿ, ಅವು ಹಗ್ಗದ ಮಂಚದ ಮೇಲೆ ನೆರಳಲ್ಲಿ ಒಣಗಿದವು. ಮತ್ತೆ ಟಕ್. ಆಮೇಲೆ ಮುಳ್ಳಿನದು ತಪ್ಪು. ಹೊಸ ಮುಳ್ಳು ಬಂತು, ಮತ್ತೆ ಟಕ್. ಆಮೇಲೆ ಕರೆಂಟಿನದು. ಆಮೇಲೆ ನನ್ನ ಹೆಂಡತಿಯದು.

ಹೌದು, ನನ್ನ ಹೆಂಡತಿಯದು. ನಮ್ಮ ಒರಳುಕಲ್ಲು ಆ ಗೋಡೆಗೆ ಅಂಟಿಕೊಂಡಿತ್ತು. ಅದನ್ನು ತಿರುಗಿಸುವುದರಿಂದ ಗೋಡೆ ಅದುರಿ ಪಿಕಪ್ ಹಾರುತ್ತದೆ ಎಂದು ಕೋದಂಡಪ್ಪ ಕಂಡುಹಿಡಿದರು. ಬಾಗಿಲಿಗೆ ಬಂದು, “ಗುಮಾಸ್ತರೇ, ಸಂಜೆ ಒತ್ತು ನಿಮ್ಮನೇಲಿ ರುಬ್ಬೋದು ನಿಲ್ಬೇಕು,” ಎಂದು ಅಪ್ಪಣೆ ಕೊಟ್ಟರು.

ಗಂಗರತ್ನಮ್ಮ ಒಳಗಿನಿಂದಲೇ, “ರುಬ್ಬದಿದ್ರೆ ಬೆಳಿಗ್ಗೆ ಇಡ್ಲಿಗೆ ಏನ್ ಮಾಡ್ಲಿ ಅಣ್ಣಾ? ನಿಮ್ ಪ್ಲೇಟ್ ಬೇಯಿಸ್ಲಾ?” ಎಂದಳು.

ಅಲ್ಲಿಂದ ಎರಡೂ ಮನೆಗೆ ಮಾತಿಲ್ಲ. ನಾನು ಸಿಟ್ಟಿನಿಂದ ಒರಳನ್ನು ಹಿತ್ತಿಲಿಗೆ ಉರುಳಿಸಿ, ಕಾಲಿನ ಹೆಬ್ಬೆರಳು ಜಜ್ಜಿಕೊಂಡೆ. ಅವತ್ತು ಸಂಜೆ ಗೋಡೆಯ ಆಚೆ ಮತ್ತೆ ಟಕ್ ಎಂದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಸಂತೋಷವಾಯಿತು.

ಅವರು ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ ಮೂರು ಸಲ ರೈಲಿನಲ್ಲಿ ಬಂಗಾರಪೇಟೆಗೆ ಹೊತ್ತರು. ಸೀನಪ್ಪನ ಅಂಗಡಿಯಲ್ಲಿ ಅದು ಒಂದೂ ಸಲ ತಪ್ಪಲಿಲ್ಲ. ರೈಲು ಸ್ಟೇಷನ್ನಿಗೆ ಬಂದು ನಿಂತು ಹೋದರೂ ಉಸಿರು ಸಹಿತ ಬಾರಿಸಿತು. “ಮಾಲ್ ಸರಿಯಾಗೈತೆ ಮೇಸ್ತ್ರೀ. ನಿಮ್ ಮನೇಲಿ ಏನೋ ಐತೆ,” ಎಂದ ಸೀನಪ್ಪ. ಮನೆಯಲ್ಲಿ ಏನಿದೆ? ಭಾನುವಾರಗಳಲ್ಲಿ ಹೆಚ್ಚಾಗಿ ಚೆನ್ನಾಗಿ ನಡೆಯುತ್ತಿತ್ತು, ವಾರದ ದಿನ ಹಾರುತ್ತಿತ್ತು. ಭಾನುವಾರಕ್ಕೂ ಪ್ಲೇಟಿಗೂ ಎತ್ತಣ ಸಂಬಂಧ? ಪೆರುಮಾಳ್ ಶನಿಕಾಟ ಎಂದ. ಕೋದಂಡಪ್ಪ ಎಣ್ಣೆ ದೀಪ ಹಚ್ಚಿಸಿ ಬಂದರು. ಶನಿ ಒಪ್ಪಲಿಲ್ಲ.

ಆದರೆ ಅವರ ಹೊಟ್ಟೆ ಉರಿದದ್ದು ಪಿಕಪ್ ಹಾರುವುದಕ್ಕಲ್ಲ. ನರಸಮ್ಮ ಪೆಟ್ಟಿಗೆಯ ಹತ್ತಿರವೇ ಬಾರದೆ ಹೋದದ್ದಕ್ಕೆ. ಭಾನುವಾರ ಸರಿಯಾಗಿ ನಡೆದಾಗಲೂ, ಗಂಡ ಕೂಗಿ ಕರೆದರೂ, ಒಳಗೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂರುತ್ತಿದ್ದರು. ಎರಡನೇ ಶಿಫ್ಟಿನ ವಾರ ದೀಪ ಹಚ್ಚುವ ಹೊತ್ತಿಗೆ ಗೋಡೆಯ ಆಚೆ ಏನೂ ಕೇಳುತ್ತಿರಲಿಲ್ಲ. ಐದು ವರ್ಷ ಗೊಣಗಿದ ನನಗೇ ಆ ಮೌನ ಕಿವಿಗೆ ಚುಚ್ಚತೊಡಗಿತು.

“ಅವ್ಳಿಗೋಸ್ಕರ ತಂದಿದ್ದು ನಾನು,” ಎಂದರು ಕೋದಂಡಪ್ಪ ಒಂದು ದಿನ ನನ್ನ ಜಗಲಿಯ ಮೇಲೆ ಕೂತು. ಮಾತು ಬಿಟ್ಟಿದ್ದವರು ತಾವೇ ಬಂದಿದ್ದರು. “ಒಂದ್ ದಪ ಕೂತು ಆ ಉಸುರು ಕೇಳು ಅಂದ್ರೆ ಕೇಳಲ್ಲ. ಅಳೇದೇ ಚೆಂದಾಗಿತ್ತು ಅಂತಾಳೆ. ಏನ್ ಚೆಂದ ಅದು? ಡಬ್ಬಿ ಒಳ್ಗೆ ಕಲ್ ಆಕಿ ಅಲ್ಲಾಡ್ಸಿದಂಗೆ! ಏನ್ ತಪ್ ಮಾಡ್ದೆ ನಾನು, ನೀನೇ ಏಳು.” ಬಂಡೆಯ ಕೆಳಗೆ ಬೆನ್ನು ಕೊಟ್ಟು ನಿಲ್ಲುವ ಮನುಷ್ಯ, ಅವರ ಕಣ್ಣಲ್ಲಿ ನೀರಿತ್ತು. ನರಸಮ್ಮನವರ ಮೇಲೆ ನನಗೂ ಕೋಪ ಬಂತು.

ಮುಂದಿನ ಬುಧವಾರ ಸೀನಪ್ಪನನ್ನು ನಾನೇ ಎಳೆದು ತಂದೆ. ನೀನು ಬಂದು ಮೇಸ್ತ್ರಿ ಮನೆಯಲ್ಲಿ ಅರ್ಧ ದಿನ ಕೂತು ನೋಡಬೇಕು, ಇಲ್ಲದಿದ್ದರೆ ನಿನ್ನ ಅಂಗಡಿಯ ಹೆಸರು ಕೆಡಿಸುತ್ತೇನೆ ಎಂದು ಹೆದರಿಸಿದ್ದೆ. ಕೋದಂಡಪ್ಪ ಅವತ್ತು ಮೊದಲ ಶಿಫ್ಟು ಮುಗಿಸಿ ಬಂದು, ಸ್ನಾನ ಮಾಡಿ ಕಾದಿದ್ದರು. ನಾಲ್ಕು ಗಂಟೆ ಇರಬಹುದು. ನರಸಮ್ಮ ನಮ್ಮ ಮೂವರಿಗೂ ಕಾಫಿ ತಂದು ನೆಲದ ಮೇಲಿಟ್ಟು, ಒಳಬಾಗಿಲ ಹತ್ತಿರ ಕುಳಿತರು. ಸೀನಪ್ಪ ಪ್ಲೇಟು ಹಾಕಿದ. ಒಂದು ಸಲ ಚೆನ್ನಾಗಿ ನಡೆಯಿತು. ಎರಡನೇ ಸಲ ಅರ್ಧಕ್ಕೆ ಬಂದಿತ್ತು. ಟಕ್.

ಪಿಕಪ್ ಹಾರಿತು. ಅದಕ್ಕಿಂತ ಮೇಲೆ ಹಾರಿದವನು ಸೀನಪ್ಪ. ಒಂದೇ ನೆಗೆತಕ್ಕೆ ಬಾಗಿಲು ದಾಟಿ, ಅಂಗಳದ ನಡುವೆ ನಿಂತು, “ಓರಿ ದೇವುಡಾ! ಭೂಮಿ ಅಲ್ಲಾಡ್ತು! ಎಲ್ರೂ ಈಚೆ ಬನ್ರೋ!” ಎಂದು ಅರಚತೊಡಗಿದ.

ನಾವಿಬ್ಬರೂ ಮಿಕಮಿಕ ನೋಡಿದೆವು. ಏನಾಯಿತು ಇವನಿಗೆ? ಆಗ ಕೋದಂಡಪ್ಪ ನಗುತ್ತ, “ಓ, ಅದಾ! ಕೆಳ್ಗೆ ಎಲ್ಲೋ ಬಂಡೆ ಸಿಡೀತು. ಅದು ಯಾವಾಗ್ಲೂ...” ಎಂದವರು ಅಲ್ಲಿಗೇ ನಿಲ್ಲಿಸಿದರು.

ನಾನು ನನ್ನ ಕೈ ನೋಡಿಕೊಂಡೆ. ನೆಲದ ಮೇಲಿದ್ದ ಕಾಫಿ ಲೋಟ ನನ್ನ ಕೈಯಲ್ಲಿತ್ತು. ಚೆಲ್ಲದಿರಲಿ ಎಂದು ನಾನು ಅದನ್ನು ಯಾವಾಗ ಎತ್ತಿಕೊಂಡೆನೋ ನನಗೇ ತಿಳಿಯದು. ಕೋದಂಡಪ್ಪನವರ ಲೋಟವೂ ಅವರ ಕೈಯಲ್ಲೇ ಇತ್ತು. ಸೀನಪ್ಪನ ಲೋಟ ಮಾತ್ರ ಉರುಳಿ ಕಾಫಿ ಚಾಪೆಯ ಮೇಲೆ ಹರಿಯುತ್ತಿತ್ತು.

ಹೊರಗಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಸಾವಿರಾರು ಅಡಿ ಕೆಳಗೆ, ಅಗೆದು ಟೊಳ್ಳಾದ ಕಡೆ ಮೇಲಿನ ಭಾರ ತಾಳದೆ ಬಂಡೆ ಸಿಡಿದರೆ ಮೇಲೆ ನೆಲ ಒಮ್ಮೆ ನಡುಗುತ್ತದೆ. ಸಿಡಿಮದ್ದು ಹಾರಿಸದ ಭಾನುವಾರ ಕಡಿಮೆ, ವಾರದ ದಿನ ಹೆಚ್ಚು. ದೊಡ್ಡದಾದರೆ ಎಲ್ಲರೂ ಹೊರಗೆ ಓಡುತ್ತೇವೆ. ಚಿಕ್ಕದು ಇಲ್ಲಿಗೆ ಬಂದಾಗಿನಿಂದ ಇದ್ದೇ ಇದೆ. ತಟ್ಟೆ ನಡುಗಿದರೆ ಎಡಗೈಯಲ್ಲಿ ಹಿಡಿದುಕೊಂಡು ಊಟ ಮಾಡುತ್ತೇವೆ, ಆಡುತ್ತಿದ್ದ ಮಾತನ್ನು ಸಹ ನಿಲ್ಲಿಸುವುದಿಲ್ಲ. ನಮ್ಮ ಹಲಗೆಗಳಿಗೆಲ್ಲ ಪಟ್ಟಿ ಯಾಕೆ ಬಡಿದಿದ್ದೇವೆ ಎಂಬುದೇ ನಮಗೆ ಮರೆತುಹೋಗಿತ್ತು. ಹಳೆಯ ಡಬ್ಬಿ ತನ್ನ ಭಾರಕ್ಕೆ ಗೆರೆ ಬಿಡದೆ ಕೂತಿರುತ್ತಿತ್ತು. ಹೂವಿನಂಥ ಹೊಸ ಕೈ ಪ್ರತಿ ನಡುಕಕ್ಕೂ ಎಗರುತ್ತಿತ್ತು. ನಾಲ್ಕು ತಿಂಗಳು ನಾವು ಪ್ಲೇಟು ತೊಳೆದೆವು, ಒರಳು ಉರುಳಿಸಿದೆವು, ಶನಿಗೆ ದೀಪ ಹಚ್ಚಿದೆವು.

ಕೋದಂಡಪ್ಪನವರಿಗೆ ತಡೆಯಲಾರದ ಅವಮಾನವಾಯಿತು. “ಕೆಳ್ಗೆ ಒಂದ್ ಕಲ್ ಪಿಟಿಕ್ ಅಂದ್ರೆ ಓಡಿಸ್ತೀನಿ ನನ್ ಆಳುಗಳ್ನ. ನನ್ ಮನೆ ನಡುಗೋದು ನಂಗೇ ಗೊತ್ತಾಗ್ಲಿಲ್ವಾ!” ಎಂದು ತೊಡೆ ಬಡಿದುಕೊಂಡರು. ಆಮೇಲೆ ಕೋಪವೆಲ್ಲ ಹೆಂಡತಿಯ ಕಡೆಗೆ ತಿರುಗಿತು. “ನಿಂಗೂ ಗೊತ್ತಾಗ್ಲಿಲ್ವಾ? ದಿನವೆಲ್ಲ ಮನೇಲಿ ಇರೋಳು ನೀನು!”

“ಗೊತ್ತಾಗ್ದೆ ಏನು?” ಎಂದರು ನರಸಮ್ಮ. “ಒಂದೊಂದೂ ಗೊತ್ತಾಯ್ತದೆ.”

“ಮತ್ತೆ ಬಾಯ್ಬಿಟ್ ಏಳ್ಬಾರ್ದಾ?”

“ಏಳ್ಬಾರ್ದು.”

ಲೈನಿನ ಹೆಂಗಸರಲ್ಲಿ ಒಂದು ನೇಮ ಇತ್ತಂತೆ. ಗಂಡಸರು ಕೆಳಗಿರುವಾಗ ನೆಲ ನಡುಗಿದರೆ ಅದನ್ನು ಬಾಯಲ್ಲಿ ಆಡಬಾರದು, ಆಡಿದರೆ ಕೆಟ್ಟದ್ದನ್ನು ಕರೆದಂತೆ. ಗಂಡಸರು ಮೇಲೆ ಬಂದ ಮೇಲೂ ಅವರ ಮುಂದೆ ಎತ್ತಬಾರದು, ನಾಳೆ ಇಳಿಯುವಾಗ ಅವರ ಕಾಲು ಹಿಂದೆಗೆಯುತ್ತದೆ. ಅತ್ತೆ ಸೊಸೆಗೆ ಇದನ್ನು ಮೊದಲ ವಾರವೇ ಹೇಳಿಕೊಡುತ್ತಾಳೆ. ನನ್ನ ಹೆಂಡತಿಗೂ ಗೊತ್ತಿತ್ತು. ಅಷ್ಟು ವರ್ಷ ಗೋಡೆಯ ಈಚೆ ಆಚೆ ಈ ಹೆಂಗಸರು ಅಂಗೈ ಊರಿಕೊಂಡು ಬಾಯಿ ಮುಚ್ಚಿಕೊಂಡು ಕೂತಿದ್ದರು. ಹಾಜರಿ ಬರೆಯುವ ನನಗೆ ಅದರ ಸುಳಿವೇ ಇರಲಿಲ್ಲ.

ನರಸಮ್ಮನವರಿಗೆ ಅವತ್ತು ಏನಾಯಿತೋ, ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು. “ನೀವು ಕೆಳ್ಗಿರೋವಾಗ ಆ ಅಳೇ ಪೆಟ್ಗೆ ಆಕೊಂಡು ಕೂರ್ತಿದ್ದೆ. ಭೂಮಿ ಅಲ್ಲಾಡಿದ್ರೂ ಅದು ಹಾಡು ನಿಲ್ಲಿಸ್ತಿರ್ಲಿಲ್ಲ. ಅದ್ ನಿಲ್ಲಿಸ್ಲಿಲ್ಲ ಅಂದ್ರೆ ಕೆಳ್ಗೆ ಏನೂ ಆಗಿಲ್ಲ ಅಂತ ನಾನೇ ಮನಸ್ಗೆ ಏಳ್ಕೊಂತಿದ್ದೆ. ಈ ಒಸ್ದು ನನ್ ಎದೆ ಜೊತೆಗೇ ಎಗರ್ತದೆ. ಉಸುರು ಕೇಳು ಉಸುರು ಕೇಳು ಅಂತೀರಲ್ಲ, ಯಾರ್ದೋ ಉಸುರು ತಕೊಂಡು ನಾನೇನ್ ಮಾಡ್ಲಿ?”

ಸೀನಪ್ಪ ಇನ್ನೂ ಅಂಗಳದಲ್ಲೇ ನಿಂತಿದ್ದ, ಒಳಗೆ ಬರಲು ಧೈರ್ಯವಿರಲಿಲ್ಲ. ಕೋದಂಡಪ್ಪ ಎದ್ದು, ತಿರುಪು ಬಿಚ್ಚಿ ಹೊಸ ಪಿಕಪ್ಪನ್ನು ಕಿತ್ತು ಅವನ ಕೈಗಿಟ್ಟರು. “ಅಳೇದು ಎಲ್ಲೈತೆ?”

“ಅಂಗ್ಡೀಲೇ ಬಿದ್ದೈತೆ ಮೇಸ್ತ್ರೀ. ಯಾರ್ಗ್ ಬೇಕು ಅದು?”

“ನಂಗ್ ಬೇಕು,” ಎಂದು ಅವನ ಜೊತೆಗೇ ರೈಲಿಗೆ ಹೊರಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹಳೆಯ ಸೌಂಡ್ ಬಾಕ್ಸ್ ಬಂತು, ನರಸಮ್ಮ ಮತ್ತೆ ಕೀ ಕೊಟ್ಟರು, ನಮ್ಮ ಒರಳು ಗೋಡೆಯ ಹತ್ತಿರಕ್ಕೆ ವಾಪಸ್ಸು ಬಂತು. ಕೆಟ್ಟದ್ದು ಕೋದಂಡಪ್ಪ. ಒಂದು ಸಲ ತಿಳಿದದ್ದು ಮತ್ತೆ ತಿಳಿಯದೆ ಇರುತ್ತದೆಯೇ? ಊಟಕ್ಕೆ ಕೂತವರು ತುತ್ತು ಹಿಡಿದು ನಿಲ್ಲಿಸುತ್ತಿದ್ದರು. ಮಾತಿನ ಮಧ್ಯೆ, “ಆಯ್ತು ನೋಡು,” ಎನ್ನುತ್ತಿದ್ದರು. ಅವರು ಹೇಳಿ ಹೇಳಿ ನನಗೂ ಅಂಟಿತು. ಹಗುರ ಪಿಕಪ್ ಬಂಗಾರಪೇಟೆಗೆ ಹೋದರೂ ಅದರ ರೋಗ ನಮ್ಮಲ್ಲೇ ಉಳಿದುಬಿಟ್ಟಿತು. ಆ ಸೀನಪ್ಪನನ್ನೂ, ಅವನ ಅಂಗಡಿಯನ್ನೂ, ಅಲ್ಲಿಗೆ ಕರೆದೊಯ್ದ ನನ್ನನ್ನೂ ನಾನು ಎಷ್ಟು ಸಲ ಬೈದುಕೊಂಡೆನೋ ಲೆಕ್ಕವಿಲ್ಲ. ನಾಗಸ್ವರಕ್ಕೆ ಅಷ್ಟು ಆಸೆಪಡುತ್ತಿದ್ದ ಮನುಷ್ಯ ಈಗ ಪ್ಲೇಟು ನಡೆಯುತ್ತಿದ್ದರೂ ಅದನ್ನು ಕೇಳುತ್ತಿರಲಿಲ್ಲ, ನೆಲವನ್ನು ಕೇಳುತ್ತಿದ್ದರು.

ಒಂದು ಸಂಜೆ ನಾನು ಅಲ್ಲಿದ್ದೆ. ಹಳೆಯ ಡಬ್ಬಿ ತನ್ನ ಗೊಗ್ಗರು ದನಿಯಲ್ಲಿ ಬಾರಿಸುತ್ತಿತ್ತು. ನರಸಮ್ಮ ಗೋಡೆಗೆ ಒರಗಿ ಹೂವು ಕಟ್ಟುತ್ತಿದ್ದರು. ನೆಲ ನಡುಗಿತು, ಸ್ವಲ್ಪ ಜೋರಾಗಿಯೇ. ಪಾತ್ರೆಗಳು ಕಿಣಿಗುಟ್ಟಿದವು. ಪ್ಲೇಟು ನಿಲ್ಲಲಿಲ್ಲ. ಕೋದಂಡಪ್ಪ ಅಂಗೈಯನ್ನು ನೆಲಕ್ಕೆ ಊರಿ, “ದಿನಾ ಎಷ್ಟ್ ಸಲ ಆಯ್ತದೆ ಇದು, ನರಸಿ?” ಎಂದು ಕೇಳಿದರು.

ನರಸಮ್ಮ ಹೂವಿನಿಂದ ತಲೆ ಎತ್ತಿದರು. ಯಾವುದು ಎಂದು ಅವರಿಗೆ ಒಂದು ಗಳಿಗೆ ಗೊತ್ತಾಗಲಿಲ್ಲ.

“ಈಗ ಆಯ್ತಾ?” ಎಂದರು. “ನೀವು ಮೇಲಿರೋವಾಗ ನಾನ್ ನೋಡಲ್ಲ.”